ಸಿಜೆ-3ಬಿ ಜೀಪ್: ಗೇರ್ ಲಿವರ್ ತುಂಬಾ ಅಲ್ಲಾಡುತ್ತದೆ, ಎರಡನೇ ಗೇರು ಸರಿಯಾಗಿ ಬೀಳುತ್ತಿಲ್ಲ

ಪ್ರಶ್ನೆ (ನಾಪೋಕ್ಲು)

ಅಪ್ಪ ತೋಟಕ್ಕೆಂದು ಇಟ್ಟುಕೊಂಡಿದ್ದ ಸಿಜೆ-3ಬಿ ಜೀಪನ್ನು ಎರಡು ವರ್ಷದಿಂದ ಸರಿ ಮಾಡುತ್ತಿದ್ದೇನೆ. ಎಂಜಿನ್, ಬ್ರೇಕು, ಬಾಡಿ ಎಲ್ಲಾ ಮುಗಿಯಿತು. ಗೇರ್ ಲಿವರ್ ಮಾತ್ರ ನೆಮ್ಮದಿ ಕೊಡುತ್ತಿಲ್ಲ. ಗೇರ್‌ಬಾಕ್ಸ್ ಮೂರು ಗೇರಿನ ಟಿ-90. ನ್ಯೂಟ್ರಲ್‌ನಲ್ಲಿ ಲಿವರ್ ತುದಿ ಅಂಗೈ ಅಗಲ ಓಲಾಡುತ್ತದೆ. ಒಂದರಿಂದ ಎರಡಕ್ಕೆ ಹಾಕುವಾಗ ರಿವರ್ಸ್‌ಗೆ ತಾಗಿ ಕರ್ ಅನ್ನುತ್ತದೆ. ಕಕ್ಕಬ್ಬೆ ಕಡೆಯ ಏರಿನಲ್ಲಿ ಹೀಗಾದರೆ ಗಾಡಿ ನಿಂತೇ ಹೋಗುತ್ತದೆ. ಗೇರ್‌ಬಾಕ್ಸ್ ಇಳಿಸಲೇಬೇಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಮಳೆ ಹತ್ತಿರ ಬಂತು. ಇಳಿಸಬೇಕಾ?

ಉತ್ತರ (ಸೋಮವಾರಪೇಟೆ)

ಈಗಲೇ ಇಳಿಸಬೇಡಿ. ಎಂಜಿನ್ ಆಫ್ ಮಾಡಿ, ಎಲ್ಲಾ ಗೇರು ಹಾಕಿ ನೋಡಿ. ಆಗಲೂ ತಡಕಾಡಬೇಕಾದರೆ ತೊಂದರೆ ಲಿವರಿನದ್ದು. ಆಫ್ ಇದ್ದಾಗ ಸಲೀಸು, ಎಂಜಿನ್ ಓಡುವಾಗ ಮಾತ್ರ ಕರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕ್ಲಚ್ ಪೆಡಲ್ ಬಿಗಿಯಾಗುವ ಮೊದಲಿನ ಖಾಲಿ ಆಟ ಸುಮಾರು 1 ಇಂಚು ಇರಲಿ. ಒಂದನೇ ಗೇರಿಗೆ ಸಿಂಕ್ರೊ (ಗೇರುಗಳ ವೇಗ ಹೊಂದಿಸುವ ರಿಂಗು) ಇಲ್ಲ, ಗಾಡಿ ನಿಂತ ಮೇಲೇ ಹಾಕಬೇಕು.

ನೀವು ಹೇಳುವುದು ನೋಡಿದರೆ ಲಿವರ್ ಅಂತಲೇ ಅನಿಸುತ್ತದೆ. ರಿವರ್ಸ್ ಎಡಗಡೆ ಮೇಲೆ, ಎರಡನೆಯದು ಬಲಗಡೆ ಮೇಲೆ, ಅಲ್ವಾ? ಲಿವರಿನ ಕೆಳತುದಿ ಸವೆದರೆ ಅದು ಒಂದು ಶಿಫ್ಟ್ ರೈಲಿನ (ಗೇರು ಸರಿಸುವ ಸರಳು) ಕಚ್ಚು ಬಿಟ್ಟು ಇನ್ನೊಂದಕ್ಕೆ ಸರಿಯಾಗಿ ದಾಟುವುದಿಲ್ಲ. ಮೇಲಿನ ಕ್ಯಾಪ್ ಬಿಚ್ಚಿ ಲಿವರ್ ಎತ್ತಿ. ತುದಿ, ಲಿವರಿನ ಗುಂಡು ಭಾಗದ ಪಕ್ಕದ ಕಚ್ಚು, ಅದರಲ್ಲಿ ಕೂರುವ ಪಿನ್ನು, ಸ್ಪ್ರಿಂಗು, ಇಷ್ಟನ್ನೂ ಬೆರಳಾಡಿಸಿ ನೋಡಿ. ಸ್ಪ್ರಿಂಗ್ ಸೋತರೂ ಗಡಗಡ ಅನ್ನುತ್ತದೆ.

ತುದಿಗೆ ವೆಲ್ಡಿಂಗ್ ತುಂಬಿಸಿ ಫೈಲ್ ಮಾಡಬಹುದು. ಲಿವರಿನ ಗುಂಡು ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿಡಿ, ಶಾಖ ಅಲ್ಲಿಗೆ ಹೋಗಬಾರದು. ಜಾಸ್ತಿ ದಪ್ಪ ಬಿಡಬೇಡಿ, ರೈಲಿನ ಕಚ್ಚಿನಲ್ಲಿ ಬಿಗಿಯಾದರೆ ಅದೂ ಕಷ್ಟವೇ. ರೈಲು ಹೊರಗೆ ಎಳೆಯುವುದಾದರೆ ಕೈ ಅಡ್ಡ ಹಿಡಿಯಿರಿ, ಸ್ಪ್ರಿಂಗ್ ಮೇಲೆ ಕೂತ ಸಣ್ಣ ಗುಂಡು ಚಿಮ್ಮಿ ಹೋಗುತ್ತದೆ. ನನ್ನದೊಂದು ಕಾಫಿ ಗಿಡದ ಬುಡದಲ್ಲಿ ಹೋಯಿತು, ಅರ್ಧ ದಿನ ಹುಡುಕಿದೆ.

ಇನ್ನೊಂದು ಉತ್ತರ (ಕುಶಾಲನಗರ)

ಗೇರ್‌ಬಾಕ್ಸ್ ಕೆಳಗಿನ ರಬ್ಬರ್ ಮೌಂಟನ್ನೂ ನೋಡಿ. ಅದು ಕುಸಿದರೆ ಇಡೀ ಬಾಕ್ಸೇ ಓಲಾಡುತ್ತದೆ. ಗೇರ್ ಆಯಿಲ್ 90 ಗ್ರೇಡಿನದ್ದು ಹಾಕಿ, ಆದರೆ ಡಬ್ಬಿ ಮೇಲೆ ಜಿಎಲ್-4 ಅಂತ ಬರೆದದ್ದೇ ಇರಲಿ. ಜಿಎಲ್-5 ಆಯಿಲ್ ಸಿಂಕ್ರೊ ರಿಂಗಿನ ಹಿತ್ತಾಳೆಗೆ ಒಳ್ಳೆಯದಲ್ಲ. ಲಿವರ್ ಗಿಡ್ಡ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕೈ ಓಡಾಟ ಕಡಿಮೆಯಾಗುತ್ತದೆ, ಆದರೆ ಗೇರು ಭಾರವಾಗುತ್ತದೆ.

ಪ್ರಶ್ನೆ ಕೇಳಿದವರಿಂದ (ನಾಪೋಕ್ಲು)

ಎಂಜಿನ್ ಆಫ್ ಇದ್ದಾಗಲೂ ತಡಕಾಡಿತು. ಲಿವರ್ ಎತ್ತಿದೆ. ತುದಿ ಒಂದು ಪಕ್ಕ ಸವೆದು ಪೆನ್ಸಿಲ್ ಮೊನೆಯ ಹಾಗಿತ್ತು. ಸ್ಪ್ರಿಂಗ್ ಒಂದು ಸುತ್ತು ಮುರಿದಿತ್ತು. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ! ಲಿವರ್ ಬುಡದ ಹರಿದ ರಬ್ಬರ್ ಬೂಟಿನಿಂದ (ಮುಚ್ಚಳ) ಹೋದ ವರ್ಷದ ಮಳೆ ನೀರು ಇಳಿದಿದೆ. ತುದಿ ತುಂಬಿಸಿ, ಸ್ಪ್ರಿಂಗ್ ಬದಲಿಸಿ, ಹೊಸ ಆಯಿಲ್ ಹಾಕಿದೆ. ನಿನ್ನೆ ಅಪ್ಪನನ್ನು ಕೂರಿಸಿಕೊಂಡು ಅದೇ ಏರು ಹತ್ತಿದೆ. ಎರಡನೆಯದು ಟಕ್ ಅಂತ ಬಿತ್ತು. ಅಪ್ಪ ಲಿವರ್ ಮೇಲೆ ಕೈ ಇಟ್ಟು ಸುಮ್ನೆ ಕೂತಿದ್ದರು. ತುಂಬಾ ಥ್ಯಾಂಕ್ಸ್. ಹೊಸ ಬೂಟು ಇನ್ನೂ ಸಿಕ್ಕಿಲ್ಲ, ಸದ್ಯಕ್ಕೆ ಹಳೇ ಟ್ಯೂಬ್ ತುಂಡು ಬಿಗಿಯಾಗಿ ಕಟ್ಟಿದ್ದೇನೆ.