ಓದುಗರ ಸ್ಪಂದನ: 'ಆ ಫೋಟೊ ತೆಗೆದವಳು ನಾನೇ'

ಕಳೆದ ಸಂಚಿಕೆಯಲ್ಲಿ ಬಂದಿದ್ದ ಸಮಸ್ಯೆ: "ನನಗೆ 28 ವರ್ಷ. ಮಕ್ಕಳ ಹಕ್ಕುಗಳಿಗಾಗಿ ಕೆಲಸ ಮಾಡುವ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಸಂವಹನ ವಿಭಾಗ ನೋಡಿಕೊಳ್ಳುತ್ತೇನೆ. ವರದಿ, ಪೋಸ್ಟರ್, ವಿಡಿಯೊ, ಪತ್ರಿಕಾ ಹೇಳಿಕೆ ಎಲ್ಲ ನನ್ನದೇ. ಎರಡು ವರ್ಷದ ಹಿಂದೆ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ತೀವ್ರ ಅಪೌಷ್ಟಿಕತೆ ಇದ್ದ ಮಗುವಿನ ಫೋಟೊ ತೆಗೆದೆ. ಅದು ಪೋಸ್ಟರ್ ಆಯಿತು, ದೇಣಿಗೆ ಚೆನ್ನಾಗಿ ಬಂತು. ಮಗು ಈಗ ಹುಷಾರಾಗಿದೆ, ಓಡಾಡಿಕೊಂಡಿದೆ. ಪೋಸ್ಟರ್ ಮಾತ್ರ ಹಾಗೇ ಇದೆ. ಮೊನ್ನೆ ಊರಿಗೆ ಹೋದಾಗ ತಾಯಿ ಕೇಳಿದರು: 'ನಮ್ಮ ಕೂಸಿನ ಫೋಟೊ ಬೆಂಗಳೂರಾಗ ಹಚ್ಚೀರಂತ, ಹೌದೇನ್ರಿ?' ನನಗೆ ಮಾತೇ ಹೊರಡಲಿಲ್ಲ. ಈಗ ಆಫೀಸಿನಲ್ಲಿ ಅಂಥದ್ದೇ ಇನ್ನೊಂದು ಫೋಟೊ ತನ್ನಿ ಅನ್ನುತ್ತಿದ್ದಾರೆ. ಮನೆಯಲ್ಲಿ 'ಇದೂ ಒಂದು ಕೆಲಸಾನಾ' ಎಂಬ ಮಾತು ಬೇರೆ. ಬಿಟ್ಟುಬಿಡಲಾ?"

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಬರೆದವರ ಹೆಸರು ಕೈಬಿಟ್ಟಿದ್ದೇವೆ.

ನಿವೃತ್ತ ಉಪಸಂಪಾದಕ, ಹುಬ್ಬಳ್ಳಿ

ಮೂವತ್ತು ವರ್ಷ ಡೆಸ್ಕಿನಲ್ಲಿ ಕೂತವನು ನಾನು. ಮಕ್ಕಳ ಫೋಟೊ ವಿಷಯದಲ್ಲಿ ನಾವು ಮಾಡಿದ ತಪ್ಪುಗಳ ಮುಂದೆ ನಿಮ್ಮದು ಏನೂ ಅಲ್ಲ ತಂಗಿ. ಕಣ್ಣಿಗೆ ಕಪ್ಪು ಪಟ್ಟಿ ಎಳೆಯುತ್ತಿದ್ದೆವು. ಕೆಳಗೆ ಊರು, ಅಪ್ಪನ ಹೆಸರು, ಓದುವ ಶಾಲೆ ಮೂರನ್ನೂ ಅಚ್ಚು ಹಾಕುತ್ತಿದ್ದೆವು. ಆ ಊರಿನಲ್ಲಿ ಆ ಮಗು ಯಾರದೆಂದು ಗೊತ್ತಾಗದವರು ಯಾರಿದ್ದರು?

2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಬಂದ ಮೇಲೆ ಸ್ವಲ್ಪ ಎಚ್ಚರ ಬಂತು. ಪಾಲನೆ, ರಕ್ಷಣೆ ಬೇಕಾದ ಮಕ್ಕಳು, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳು, ಇವರ ಗುರುತು ಸಿಗುವಂಥದ್ದು ಏನನ್ನೂ ಹಾಕುವಂತಿಲ್ಲ. ಹೆಸರು, ವಿಳಾಸ, ಶಾಲೆ, ಫೋಟೊ ಯಾವುದೂ ಕೂಡದು. ಹಾಕಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 23ನೇ ಕಲಮಿನಲ್ಲೂ ಇಂಥ ನಿರ್ಬಂಧ ಇದೆ. ಅಪ್ಪ ಅಮ್ಮನ ಜತೆ ಮನೆಯಲ್ಲೇ ಇರುವ, ತೂಕ ಕಡಿಮೆ ಇರುವ ಮಗುವಿಗೆ ಇದು ನೇರವಾಗಿ ಅನ್ವಯಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮೇಲಿನವರ ಜತೆ ಮಾತು ಶುರು ಮಾಡಲು ಈ ಕಲಂ ಚೆನ್ನಾಗಿದೆ. 'ನನ್ನ ಮನಸ್ಸಿಗೆ ಒಗ್ಗುತ್ತಿಲ್ಲ' ಅಂದರೆ ಯಾವ ಬಾಸೂ ಕೇಳುವುದಿಲ್ಲ. 'ವಕೀಲರನ್ನ ಒಂದು ಮಾತು ಕೇಳೋಣ ಸರ್' ಅಂದರೆ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಬ್ಯಾಂಕ್ ಉದ್ಯೋಗಿ, ಮೈಸೂರು

ಬೇರೆಯವರು ಏನು ಬರೆಯುತ್ತಾರೋ ಗೊತ್ತಿಲ್ಲ. ನಾನು ಇಂಥದ್ದೇ ಒಂದು ಪೋಸ್ಟರ್ ನೋಡಿ ಒಂದು ಸಂಸ್ಥೆಗೆ ತಿಂಗಳಿಗೆ 500 ರೂಪಾಯಿ ಕೊಡಲು ಶುರು ಮಾಡಿದವನು. ನಗುವ ಮಗು ಇದ್ದಿದ್ದರೆ ಮುಂದೆ ಹೋಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಸಂಜೆ ಮನೆ ಸೇರುವ ಆತುರದಲ್ಲಿ ಇರುವವನನ್ನು ನಿಲ್ಲಿಸಲು ಏನಾದರೂ ಬೇಕಲ್ವಾ? ಆ ದುಡ್ಡಿನಿಂದ ಒಂದು ಮಗುವಿನ ಹೊಟ್ಟೆ ತುಂಬಿದ್ದರೆ ಫೋಟೊ ಅಷ್ಟೊಂದು ದೊಡ್ಡ ತಪ್ಪಾ?

ಒಂದು ಮಾತು ಮಾತ್ರ ಸೇರಿಸುತ್ತೇನೆ. ಕೊಡಲು ಶುರು ಮಾಡಿ 3 ವರ್ಷ ಆಯಿತು. ಪ್ರತಿ ವರ್ಷ ಅದೇ ಮಗು, ಅದೇ ಅಳುವ ಮುಖ ಮನೆಗೆ ಬರುತ್ತದೆ. ಒಂದು ಸಲ ಫೋನ್ ಮಾಡಿ ಆ ಮಗು ಈಗ ಹೇಗಿದೆ ಅಂತ ಕೇಳಿದೆ. ಫೋನ್ ಎತ್ತಿದವರಿಗೆ ಗೊತ್ತಿರಲಿಲ್ಲ.

ಇದೇ ಕೆಲಸದಲ್ಲಿ 14 ವರ್ಷದಿಂದ ಇರುವವಳು, ಬೆಂಗಳೂರು

ಗೆಳತಿ, ನಿಮ್ಮ ಸಂಸ್ಥೆ ನಿಮ್ಮ ಕೈಯಲ್ಲಿ ಎರಡು ಕೆಲಸ ಮಾಡಿಸುತ್ತಿದೆ. ಒಂದು, ದುಡ್ಡು ಎತ್ತುವುದು. ಇನ್ನೊಂದು, ಸರ್ಕಾರದ ನೀತಿ ಬದಲಾಯಿಸುವುದು. ಎಷ್ಟೋ ಸಂಸ್ಥೆಗಳಲ್ಲಿ ಎರಡಕ್ಕೂ ಒಬ್ಬರನ್ನೇ ಇಡುತ್ತಾರೆ, ಸಂಬಳ ಉಳಿಯುತ್ತದೆ. ದುಡ್ಡು ಎತ್ತಲು ಅಳುವ ಮಗು ಬೇಕು ಅನ್ನುತ್ತಾರೆ, ಇರಬಹುದು. ನೀತಿ ಬದಲಾಯಿಸಲು ಅಳುವ ಮಗು ಕೆಲಸಕ್ಕೆ ಬಂದದ್ದನ್ನು ನಾನಂತೂ ನೋಡಿಲ್ಲ.

ಮೊಟ್ಟೆ ವಿಷಯ ನೆನಪು ಮಾಡಿಕೊಳ್ಳಿ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟದ ಜತೆ ಮೊಟ್ಟೆ ಕೊಡಲು ಶುರು ಮಾಡಿದರು. ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ಬೇಡ ಅಂದರು, ದೊಡ್ಡ ಗಲಾಟೆಯಾಯಿತು. ಆಗ ಎರಡು ಸಂಗತಿ ಕೆಲಸ ಮಾಡಿದವು ಅಂತ ನನ್ನ ಲೆಕ್ಕ. ಗಂಗಾವತಿಯ ಒಬ್ಬ ಶಾಲಾ ಹುಡುಗಿ ನಮಗೆ ಮೊಟ್ಟೆ ಬೇಕೇ ಬೇಕು ಅಂತ ಸಿಟ್ಟಿನಿಂದ ಮಾತಾಡಿದಳು. ಆ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಹುಡುಗಿ ಅಳಲಿಲ್ಲ, ಬೈದಳು. ಇನ್ನೊಂದು, ತೂಕದ ಲೆಕ್ಕ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳನ್ನೂ ತೂಗಿ ಹೋಲಿಸಿದರು. ತಿಂದವರ ತೂಕ ಜಾಸ್ತಿ ಏರಿತ್ತು. 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ಬಂತು. ಆ ವಿಡಿಯೊದಲ್ಲೂ ಮಗುವಿನ ಮುಖ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಅದರ ಬಗ್ಗೆ ನನಗೆ ಇವತ್ತಿಗೂ ಕಸಿವಿಸಿ ಇದೆ.

ಇನ್ನೂ ಹಿಂದೆ ಹೋದರೆ, 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನವರು ರಾಜಸ್ಥಾನದಿಂದ ಸುಪ್ರೀಂ ಕೋರ್ಟಿಗೆ ಹೋದರು. ಸರ್ಕಾರದ ಧಾನ್ಯದ ಗೋದಾಮು ತುಂಬಿ ತುಳುಕುತ್ತಿದೆ, ಜನ ಹಸಿದು ಕೂತಿದ್ದಾರೆ, ಇದು ಹೇಗೆ ಅನ್ನುವುದೇ ಅವರ ವಾದ. ಅದೇ ವರ್ಷ ನವೆಂಬರ್ 28ಕ್ಕೆ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಎಂಬ ಆದೇಶ ಬಂತು. ನಮ್ಮ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತು, ಮೊದಲು ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ. ನನ್ನನ್ನು ಕೇಳಿದರೆ ಆಗ ತೆಗೆಯಬೇಕಾಗಿದ್ದ ಫೋಟೊ ಗೋದಾಮಿನದ್ದು. ಮಗುವಿನ ಎಲುಬು ನೋಡಿದವರು ಅಯ್ಯೋ ಪಾಪ ಅಂದು ಪರ್ಸ್ ತೆಗೆಯುತ್ತಾರೆ. ಗೋದಾಮು ನೋಡಿದವರು ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳುತ್ತಾರೆ.

ಈಗ ನಾನು ಮಾಡುವುದನ್ನು ಹೇಳುತ್ತೇನೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ನಮಗೆ ಸುಗ್ಗಿ. ರಾಜ್ಯ ಬಜೆಟ್ಟಿನ ತಯಾರಿ ನಡೆಯುತ್ತಿರುತ್ತದೆ. 2020-21ರಲ್ಲಿ ಮಕ್ಕಳ ಬಜೆಟ್ ಅಂತಲೇ ಬೇರೆ ಲೆಕ್ಕ ಕೊಡಲು ಶುರು ಮಾಡಿದ ಮೇಲೆ ನಮ್ಮ ಕೆಲಸ ಸ್ವಲ್ಪ ಹಗುರವಾಗಿದೆ. ನಮ್ಮ ವರದಿ 80 ಪುಟ ಇರುತ್ತದೆ, ಶಾಸಕರು ಓದುವುದಿಲ್ಲ. ನಾನೇ ಪೂರ್ತಿ ಓದಿರುವುದಿಲ್ಲ. ಅದಕ್ಕೆ ಒಂದೇ ಹಾಳೆ ಮಾಡುತ್ತೇನೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಅವರ ಕ್ಷೇತ್ರದಲ್ಲಿ ಎಷ್ಟು ಅಂಗನವಾಡಿ, ಎಷ್ಟಕ್ಕೆ ಸ್ವಂತ ಕಟ್ಟಡ ಇಲ್ಲ, ಎಷ್ಟರಲ್ಲಿ ನೀರಿಲ್ಲ. ಕೆಳಗೆ ಸದನದಲ್ಲಿ ಕೇಳಬಹುದಾದ ಒಂದು ಪ್ರಶ್ನೆ, ಹಾಗೇ ಓದಿ ಹೇಳುವಂತೆ. ಆ ಹಾಳೆಯನ್ನು ಆಪ್ತ ಸಹಾಯಕರ ಕೈಗೆ ಕೊಡಬೇಕು. ಶಾಸಕರ ಕೈಗೆ ಕೊಟ್ಟರೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಒಣಗುತ್ತದೆ.

ಭಾಷೆಯೂ ಅಷ್ಟೇ. 'ಕುಂಠಿತ ಬೆಳವಣಿಗೆಯ ಪ್ರಮಾಣ ಶೇ 35.4' ಅಂದರೆ ಯಾರಿಗೂ ತಾಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅದೇ ಅಂಕಿಯನ್ನು 'ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಒಂದು ಮಗು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ' ಅಂತ ಬರೆಯಿರಿ. ರಾಯಚೂರು ಕಡೆಯ ತಾಯಂದಿರು 'ಕೂಸಿಗೆ ಮೈ ಹತ್ತವಲ್ದು' ಅನ್ನುತ್ತಾರೆ. ಒಮ್ಮೆ ಆ ಮಾತನ್ನೇ ಕರಪತ್ರದ ತಲೆಬರಹ ಮಾಡಿದೆ. ಪೌಷ್ಟಿಕತೆ ತಜ್ಞರೊಬ್ಬರು ಇದು ವೈಜ್ಞಾನಿಕ ಅಲ್ಲ ಅಂತ ಸಿಟ್ಟಾದರು. ಕರಪತ್ರ ಮಾತ್ರ ಎರಡು ಸಲ ಅಚ್ಚಾಯಿತು.

ಫೋಟೊ ಬೇಕೇ ಬೇಕು ಅಂದರೆ ಕೈ ತೆಗೆಯಿರಿ. ತೋಳಿನ ಸುತ್ತ ಪಟ್ಟಿ ಸುತ್ತಿ ಅಳೆಯುತ್ತಾರಲ್ಲ, 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು ಕಾಣುತ್ತದೆ, ಅಂದರೆ ತೀವ್ರ ಅಪೌಷ್ಟಿಕತೆ. ಆ ಕೆಂಪು, ಅಳೆಯುವ ಕಾರ್ಯಕರ್ತೆಯ ಬಳೆ ಹಾಕಿದ ಕೈ, ಅಷ್ಟೇ ಸಾಕು. ಖಾಲಿ ಮೊಟ್ಟೆ ಟ್ರೇ ತೆಗೆಯಿರಿ. ಹಗಲು ಹನ್ನೊಂದಕ್ಕೆ ಬೀಗ ಬಿದ್ದ ಅಂಗನವಾಡಿ ತೆಗೆಯಿರಿ. ಕೆಲಸ ಬಿಡಬೇಡಿ. ನಿಮ್ಮ ಕುರ್ಚಿಗೆ ಬರುವವರಿಗೆ ಆ ತಾಯಿ ಕೇಳಿದ ಪ್ರಶ್ನೆ ಗೊತ್ತಿರುವುದಿಲ್ಲ.

ಗೃಹಿಣಿ, ತುಮಕೂರು

ನನ್ನ ಮಗಳೂ ಇಂಥದ್ದೇ ಕೆಲಸದಲ್ಲಿದ್ದಾಳೆ. ಗಂಡಿನ ಕಡೆಯವರು 'ಹುಡುಗಿ ಏನು ಮಾಡ್ತಾಳೆ' ಅಂದಾಗ ನಾನು ಸುಮ್ನೆ 'ಸಾಫ್ಟ್‌ವೇರ್ ತರಹದ್ದೇ' ಅಂದುಬಿಟ್ಟೆ. ಮಗಳು ಒಂದು ವಾರ ಮಾತು ಬಿಟ್ಟಳು. ಆಮೇಲೆ ಒಂದು ದಿನ ನಮ್ಮ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯ ಮುಂದೆ, ಮರಳಿನ ಗುಡ್ಡೆ ಮೇಲೆ, ಪುಟ್ಟ ಮಗುವೊಂದು ಒಂಟಿಯಾಗಿ ಮಲಗಿತ್ತು. ಮೈ ಕಾದ ಹಂಚಿನಂತಿತ್ತು. ಸುತ್ತ ಯಾರೂ ಇರಲಿಲ್ಲ. ನನಗೆ ಮಕ್ಕಳ ಸಹಾಯವಾಣಿ 1098 ನೆನಪಾದದ್ದು ಮಗಳು ನಮ್ಮ ಫ್ರಿಜ್ಜಿಗೆ ಅಂಟಿಸಿದ್ದ ಪೋಸ್ಟರಿನಿಂದ. ನಿಮ್ಮ ಅಮ್ಮನಿಗೂ ಒಂದು ಪೋಸ್ಟರ್ ಕೊಡಮ್ಮ. ಅಳುವ ಮಗುವಿನದ್ದು ಬೇಡ, ನಂಬರ್ ಇರುವುದು ಕೊಡು.

ಡಿಪ್ಲೊಮಾ ವಿದ್ಯಾರ್ಥಿ, ಕಲಬುರಗಿ

ಅಕ್ಕ, ನಾನು ಅಂಥ ಫೋಟೊದಲ್ಲಿದ್ದ ಹುಡುಗ. ಅಪ್ಪ ಅವ್ವ ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗಿದ್ದರು. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇದ್ದೆವು. ನಾನು ಟೆಂಟ್ ಶಾಲೆಗೆ ಹೋಗುತ್ತಿದ್ದೆ. ಫೋಟೊ ತೆಗೆಯಲು ಬರುತ್ತಾರೆ ಅಂತ ಗೊತ್ತಾಗಿ ಅವ್ವ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ದೀಪಾವಳಿಗೆ ತಂದಿದ್ದ ನೀಲಿ ಅಂಗಿ ಹಾಕಿ ಕಳಿಸಿದ್ದಳು. ಬಂದ ಸರ್ ನನ್ನನ್ನು ನೋಡಿ 'ಬೇರೆ ಅಂಗಿ ಇಲ್ವಾ, ದಿನಾ ಹಾಕೋದು' ಅಂದರು. ಓಡಿಹೋಗಿ ಹಳೆಯದು ಹಾಕಿಕೊಂಡು ಬಂದೆ. ಕೂದಲನ್ನೂ ಸ್ವಲ್ಪ ಕೆದರಿದರು. ಒಂದು ಬಿಸ್ಕತ್ ಪ್ಯಾಕೆಟ್ ಕೊಟ್ಟರು. ಸಂಜೆ ಅವ್ವ ಕೇಳಿದಾಗ ನೀಲಿ ಅಂಗಿಯಲ್ಲೇ ತೆಗೆದರು ಅಂತ ಹೇಳಿದೆ.

ಆ ಸರ್ ಕೆಟ್ಟವರಲ್ಲ. ಅವರ ಸಂಸ್ಥೆಯವರು ಓಡಾಡಿದ್ದರಿಂದಲೇ ನಾನು ಸರ್ಕಾರಿ ಶಾಲೆ ಸೇರಿದ್ದು, ಇವತ್ತು ಇದನ್ನು ಬರೆಯುತ್ತಿರುವುದು. ಫೋಟೊ ನಾನು ನೋಡಿದ್ದು ಹತ್ತನೇ ಕ್ಲಾಸಿನಲ್ಲಿ, ಗೆಳೆಯನ ಮೊಬೈಲಿನಲ್ಲಿ. ಅವ್ವನಿಗೆ ಇನ್ನೂ ತೋರಿಸಿಲ್ಲ. ನೀವು ಕೆಲಸ ಬಿಡಬೇಕೋ ಬೇಡವೋ ನನಗೆ ಗೊತ್ತಾಗುವುದಿಲ್ಲ. ಫೋಟೊ ತೆಗೆಯುವುದಾದರೆ ಹಿಂದಿನ ದಿನವೇ ಮನೆಯಲ್ಲಿ ಹೇಳಿ. ಮಗು ಯಾವ ಅಂಗಿ ಹಾಕಿಕೊಂಡು ಬರುತ್ತದೋ ಅದರಲ್ಲೇ ತೆಗೆಯಿರಿ.

ಅಂಗನವಾಡಿ ಕಾರ್ಯಕರ್ತೆ, ಸಿಂಧನೂರು ತಾಲ್ಲೂಕು

ಮೇಡಂ, ಫೋಟೊ ಕಾಟ ನಮಗೂ ಇದೆ. ಅಂಗನವಾಡಿ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಈಗ ಮುಖ ಗುರುತಿಸುವುದು ಬೇರೆ ಬಂದಿದೆ. ಬಾಣಂತಿ ಆಹಾರದ ಪೊಟ್ಟಣ ತೆಗೆದುಕೊಳ್ಳಬೇಕಾದರೆ ಮೊಬೈಲ್ ಮುಂದೆ ನಿಂತು ಕಣ್ಣು ಮಿಟುಕಿಸಬೇಕು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಕೂಸು ಎತ್ತಿಕೊಂಡು ಅಲ್ಲಿಗೇ ಬರುತ್ತಾರೆ ಪಾಪ.

ಆ ತಾಯಿಗೆ ಯಾಕೆ ನೋವಾಯಿತು ಅಂತ ನಾನು ಹೇಳಬಲ್ಲೆ. ಪಟ್ಟಿ ಕೆಂಪು ತೋರಿಸಿದ, ಜತೆಗೆ ಕಾಯಿಲೆಯೂ ಇರುವ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು, 14 ದಿನ. ತಾಯಿಯೂ ಜತೆಗೆ ಇರಬೇಕು. ಕೂಲಿ ಬದಲಿಗೆ ಸ್ವಲ್ಪ ದುಡ್ಡು ಕೊಡುತ್ತಾರೆ, ನಿಜ. ಆದರೆ ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರು ಯಾರು? ಹತ್ತಿ ಬಿಡಿಸುವ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಕೂತಳು ಅಂತ ಅತ್ತೆ ಬೈಯುತ್ತಾಳೆ. ನಾನೇ ಎಷ್ಟೋ ಮನೆಗಳ ಬಾಗಿಲಿಗೆ ನಾಲ್ಕು ನಾಲ್ಕು ಸಲ ಹೋಗಿ ಕೈ ಮುಗಿದು ಕಳಿಸಿದ್ದೇನೆ. ಇಷ್ಟೆಲ್ಲ ದಾಟಿ ಕೂಸನ್ನು ಉಳಿಸಿಕೊಂಡವಳು ಆ ತಾಯಿ. ನಿಮ್ಮ ಪೋಸ್ಟರ್ ನೋಡಿದವರಿಗೆ ಮಾತ್ರ ಕೂಸಿಗೆ ಉಣಿಸಲು ಬಾರದ ತಾಯಿಯಾಗಿ ಕಾಣುತ್ತಾಳೆ.

ಪೋಸ್ಟರ್ ಮಾಡಲು ಬೇರೆ ಬೇಕಾದಷ್ಟು ಇದೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಮಾಡಿದ್ದಾರೆ. ಎಲ್ಲಿ ಚೆನ್ನಾಗಿ ನಡೆಯುತ್ತಿದೆ, ಎಲ್ಲಿ ಬಾಗಿಲು ತೆಗೆದಿಲ್ಲ ಅಂತ ಬರೆಯಿರಿ. ಅದನ್ನು ಓದಿ ನಮ್ಮ ಮೇಲಿನವರಿಗೂ ಸ್ವಲ್ಪ ಚುರುಕು ಮುಟ್ಟಲಿ.

ಆ ಊರಿಗೆ ಮತ್ತೆ ಹೋಗಿ. ಪೋಸ್ಟರನ್ನು ಮುಚ್ಚಿಡಬೇಡಿ, ಒಂದು ಪ್ರತಿ ತೆಗೆದುಕೊಂಡೇ ಹೋಗಿ ತಾಯಿಯ ಕೈಗೆ ಕೊಡಿ. ಈಗ ಕೂಸು ಓಡಾಡುತ್ತದಲ್ಲ, ಅದರ ಫೋಟೊ ಒಂದು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಕೊಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳ ಫೋಟೊ ಅಂತ ಒಂದೂ ಇರುವುದಿಲ್ಲ. ಹಳೆಯದನ್ನು ಇಳಿಸಬೇಕೋ ಇರಲೋ ಅಂತ ಅವಳನ್ನೇ ಕೇಳಿ. ಬೈದರೆ ಬೈಸಿಕೊಳ್ಳಿ. ಬೈದು ಮುಗಿದ ಮೇಲೆ ಚಹಾ ಕೊಡದೆ ಕಳಿಸುವುದಿಲ್ಲ. ಒಬ್ಬರೇ ಹೋಗಲು ಅಂಜಿಕೆ ಆದರೆ ನಾನೂ ಬರುತ್ತೇನೆ. ತಿಂಗಳ ಮೊದಲ ವಾರ ಮಾತ್ರ ಬೇಡ, ಮಕ್ಕಳ ತೂಕ ಹಾಕುವುದಿರುತ್ತದೆ.