ಮಾಂಟೆರೆ ಕಣಿವೆಯ ಒಳ ಅಲೆಗಳು: ಥೀಸಿಸ್ ಪ್ಲಾನ್ ಎಲ್ಲಿ ಎಡವುತ್ತಿದೆ?

ಹಾಸನದಹುಡುಗಿ:
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಸಮುದ್ರವಿಜ್ಞಾನದ ಎಂಎಸ್ ಓದುತ್ತಿದ್ದೇನೆ. ಇಲ್ಲಿಗೆ ಬರುವ ಮುಂಚೆ ಕಡಲು ನೋಡಿದ್ದು ಎರಡೇ ಸಲ. ಈಗ ನೋಡಿದರೆ ಥೀಸಿಸ್ಸೇ ಕಡಲೊಳಗಿನ ಕಣಿವೆಯ ಮೇಲೆ! ಮಾಸ್ ಲ್ಯಾಂಡಿಂಗ್ ಬಂದರಿನ ಬಾಯಲ್ಲೇ ಶುರುವಾಗುತ್ತದಲ್ಲ, ಆ ಮಾಂಟೆರೆ ಕಣಿವೆ. ಅದರೊಳಗೆ ಉಬ್ಬರ-ಇಳಿತದಿಂದ ಹುಟ್ಟುವ ಒಳ ಅಲೆಗಳು ನನ್ನ ವಿಷಯ. ಮುಂದಿನ ತಿಂಗಳು ಪ್ಲಾನ್ ಒಪ್ಪಿಸಬೇಕು. ಮೂರು ಕಡೆ ಸಿಕ್ಕಿಬಿದ್ದಿದ್ದೇನೆ.

ಒಂದು. ಲ್ಯಾಬಿನಲ್ಲಿ ಹಳೆಯ ಡೇಟಾ ಇದೆ. 400 ಮೀಟರ್ ಆಳದ ಒಂದೇ ಜಾಗದಲ್ಲಿ, 31 ದಿನ, ದಿನಾ ಬೆಳಿಗ್ಗೆ 8ಕ್ಕೆ ಸಿಟಿಡಿ (ಆಳ ಆಳಕ್ಕೆ ನೀರಿನ ಉಪ್ಪು, ಉಷ್ಣತೆ ಅಳೆಯುವ ಉಪಕರಣ) ಇಳಿಸಿದ್ದಾರೆ. 8 ಡಿಗ್ರಿಯ ನೀರು ಸುಮಾರು 40 ಮೀಟರ್ ಮೇಲೆ ಕೆಳಗೆ ಆಡುತ್ತದೆ, 15 ದಿನಕ್ಕೊಂದು ಸುತ್ತು. 'ಹುಣ್ಣಿಮೆ-ಅಮಾವಾಸ್ಯೆಗೆ ಒಳ ಅಲೆ ಜೋರಾಗುತ್ತದೆ' ಅಂತ ಬರೆದೆ. ಗೈಡ್ ಆ ಸಾಲಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.

ಎರಡು. ತಳದ ಇಳಿಜಾರು 0.020. ಅಲೆ ಸಾಗುವ ದಾರಿಯ ಇಳಿಜಾರು ನನ್ನ ಲೆಕ್ಕದಲ್ಲಿ 0.0164. ಅಂದರೆ ತಳವೇ ಹೆಚ್ಚು ಕಡಿದು, ಅಲೆ ಕಡಲಿಗೇ ವಾಪಸ್ ಹೋಗಬೇಕು. ಆದರೆ ಇಲ್ಲಿ ಹಿಂದೆ ಅಳೆದವರು ಹೆಚ್ಚಾಗಿ ಶಕ್ತಿ ಕಣಿವೆಯ ತಲೆಯ ಕಡೆಗೆ ಹರಿಯುವುದನ್ನು ಕಂಡಿದ್ದಾರೆ.

ಮೂರು. ಹಡಗು ಸಿಗುವುದು ಎರಡೇ ದಿನ. 6 ಜಾಗ, ಒಂದೊಂದರಲ್ಲಿ 8 ಗಂಟೆ ಅಂತ ಹಂಚಿದ್ದೇನೆ. ಸರಿಯಾ?

ಉಪ್ಪುನೀರು:
ಮೊದಲನೆಯದು ಹಳೇ ಬಲೆ, ಬಹಳ ಜನ ಬಿದ್ದಿದ್ದಾರೆ. ನಾನೂ ಒಬ್ಬ.

ಟ್ಯೂಬ್‌ಲೈಟ್ ಬೆಳಕಿನಲ್ಲಿ ಸೀಲಿಂಗ್ ಫ್ಯಾನ್ ಒಮ್ಮೊಮ್ಮೆ ನಿಧಾನಕ್ಕೆ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ, ಅಲ್ವಾ? ಅದೇ ಇದು. ಚಂದ್ರನ ಮುಖ್ಯ ಉಬ್ಬರ, ಅಂದರೆ ಎಂ2, ಸುತ್ತು ಮುಗಿಸಲು 12.42 ಗಂಟೆ ಬೇಕು. ಎರಡು ಸುತ್ತಿಗೆ 24.84 ಗಂಟೆ. ನಿಮ್ಮ ಗಡಿಯಾರ 24ಕ್ಕೇ ವಾಪಸ್ ಬರುತ್ತದೆ. ದಿನಾ 8 ಗಂಟೆಗೆ ಇಣುಕಿದರೆ ಅಲೆ ದಿನಕ್ಕೆ ಸುಮಾರು 50 ನಿಮಿಷ ಜಾರಿರುತ್ತದೆ. ಹೀಗೆ ಜಾರುತ್ತಾ ಮೊದಲಿದ್ದ ಸ್ಥಿತಿಗೇ ಬರಲು 14.77 ದಿನ. ನಿಮಗೆ ಕಂಡ 15 ದಿನದ ಸುತ್ತು ಇದೇ. ಜೋರು ಒಂಚೂರೂ ಬದಲಾಗದ ಅಲೆಯೂ ನಿಮ್ಮ ಚಿತ್ರದಲ್ಲಿ ಹೀಗೇ ಕಾಣುತ್ತದೆ.

ತಮಾಷೆ ಏನೆಂದರೆ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರದ ಸುತ್ತೂ 14.77 ದಿನವೇ. ಎರಡೂ ಸೂರ್ಯ-ಚಂದ್ರರ ಅದೇ ವ್ಯತ್ಯಾಸದಿಂದ ಬರುವುದು. ಹಾಗಾಗಿ ದಿನಕ್ಕೊಂದೇ ಅಳತೆಯಿಂದ ಯಾವುದು ಯಾವುದು ಅಂತ ಹೇಳಲು ಬರುವುದೇ ಇಲ್ಲ. ಆ ಸಾಲು ತೆಗೆದುಬಿಡಿ. ಡೇಟಾ ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

ಎರಡನೆಯದಕ್ಕೆ: ಎಫ್ (ಭೂಮಿ ತಿರುಗುವುದರ ಪರಿಣಾಮ ಹೇಳುವ ಸಂಖ್ಯೆ) ಎಷ್ಟು ಬಂತು? ಎನ್ (ಆಳಕ್ಕೆ ಹೋದಂತೆ ನೀರು ಎಷ್ಟು ಬೇಗ ಭಾರವಾಗುತ್ತದೆ ಅಂತ ಹೇಳುವ ಸಂಖ್ಯೆ) ಎಷ್ಟು ಹಾಕಿದ್ದೀರಿ?

ಮಲ್ಪೆಗಾಳಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಒಳ ಅಲೆ ಅಂದರೆ ಮೇಲಿಂದ ಕಾಣದ ಅಲೆಯಾ?

ಉಪ್ಪುನೀರು:
ಹೆಚ್ಚುಕಡಿಮೆ ಹೌದು. ಮೇಲಿನದು ಬೆಚ್ಚಗಿನ ಹಗುರ ನೀರು, ಕೆಳಗಿನದು ತಣ್ಣಗಿನ ಭಾರದ ನೀರು. ಇವೆರಡರ ನಡುವೆ ಅಲೆ ಏಳುತ್ತದೆ. ತೂಕದಲ್ಲಿ ವ್ಯತ್ಯಾಸ ತೀರಾ ಕಡಿಮೆ, ಹಾಗಾಗಿ ಸಣ್ಣ ತಳ್ಳಿಗೇ ಹತ್ತಾರು ಮೀಟರ್ ಏರುತ್ತದೆ. ಮೇಲೆ ನಿಂತವರಿಗೆ ಗೊತ್ತೇ ಆಗುವುದಿಲ್ಲ. ಅಂಡಮಾನ್ ಸಮುದ್ರದಲ್ಲಿ ಎಷ್ಟು ದೊಡ್ಡವು ಏಳುತ್ತವೆ ಅಂದರೆ, ನೀರಿನ ಮೇಲೆ ಅವು ಬಿಡುವ ಪಟ್ಟೆಗಳು ಉಪಗ್ರಹದ ಚಿತ್ರದಲ್ಲಿ ಕಾಣುತ್ತವೆ.

ಹಾಸನದಹುಡುಗಿ:
ಅಯ್ಯೋ, ಮೂರು ವಾರ ಆ ಚಿತ್ರಕ್ಕೆ ಬಣ್ಣ ಹಚ್ಚುತ್ತಾ ಕೂತಿದ್ದೆ.

ಎನ್ ಸೆಕೆಂಡಿಗೆ 0.005 ರೇಡಿಯನ್. ಎಫ್ ಮೈನಸ್ 0.000114 ಬಂತು. ಪೈಥಾನ್‌ನಲ್ಲಿ ಭೂಮಿ ತಿರುಗುವ ವೇಗದ ಎರಡರಷ್ಟನ್ನು ಇಲ್ಲಿನ ಅಕ್ಷಾಂಶ 36.8ರ ಸೈನ್‌ನಿಂದ ಗುಣಿಸಿದೆ, ಅಷ್ಟೇ.

ಲಂಗರು:
ಮೈನಸ್ಸಾ? ಭೂಮಧ್ಯರೇಖೆ ದಾಟಿ ಯಾವಾಗ ಹೋದಿರಿ?

ಉತ್ತರಾರ್ಧದಲ್ಲಿ ಎಫ್ ಯಾವತ್ತೂ ಪ್ಲಸ್. ನೀವು 36.8 ಡಿಗ್ರಿ ಕೊಟ್ಟಿರಿ, ಪೈಥಾನ್ ಅದನ್ನು 36.8 ರೇಡಿಯನ್ ಅಂದುಕೊಂಡಿತು. ಮುಂದಿನ ಸೂತ್ರದಲ್ಲಿ ಎಫ್‌ನ ವರ್ಗ ಬರುವುದರಿಂದ ಮೈನಸ್ ಅಲ್ಲೇ ಅಳಿಸಿಹೋಯಿತು. ಉತ್ತರವೂ ನೋಡಲು ಸಭ್ಯವಾಗಿಯೇ ಇದೆ. ಅಸಂಬದ್ಧ ಸಂಖ್ಯೆ ಬಂದಿದ್ದರೆ ನೀವೇ ಹಿಡಿಯುತ್ತಿದ್ದಿರಿ.

ಡಿಗ್ರಿಯನ್ನು ರೇಡಿಯನ್ ಮಾಡಿ ಹಾಕಿ. ಎಫ್ 0.0000874 ಬರಬೇಕು, ಅಂದರೆ ಸುತ್ತಿಗೆ ಸುಮಾರು 20 ಗಂಟೆ. ಎಂ2ನ ಆವರ್ತನ 0.0001405. ಎರಡರ ವರ್ಗಗಳ ವ್ಯತ್ಯಾಸದ ವರ್ಗಮೂಲವನ್ನು ಎನ್‌ನಿಂದ ಭಾಗಿಸಿ (ಎನ್ ಇಷ್ಟು ದೊಡ್ಡದಿದ್ದಾಗ ಇಷ್ಟು ಸಾಕು). ನನಗೆ 0.0220 ಬಂತು. ನಿಮ್ಮ ತಳ 0.020. ಈಗ ಅಲೆಯ ದಾರಿಯೇ ಹೆಚ್ಚು ಕಡಿದು, ಹಾಗಾಗಿ ಅಲೆ ಕಣಿವೆಯ ತಲೆಯ ಕಡೆಗೆ ಹೋಗುತ್ತದೆ. ನಿಮ್ಮ ತೀರ್ಮಾನವೇ ತಿರುಗಿತು.

ಆದರೆ ಖುಷಿಪಡಬೇಡಿ. ಎನ್ ಅನ್ನು 0.006 ಮಾಡಿ ನೋಡಿ: 0.0183. ಮತ್ತೆ ತಳ ಹೆಚ್ಚು ಕಡಿದಾಯಿತು! ಎನ್ ಕಲ್ಲಿನಲ್ಲಿ ಕೆತ್ತಿದ ಸಂಖ್ಯೆಯಲ್ಲ. ಆಳ ಬದಲಾದರೆ ಬದಲಾಗುತ್ತದೆ, ಋತು ಬದಲಾದರೂ ಬದಲಾಗುತ್ತದೆ. ನಿಮ್ಮ ಜಾಗ ಸರಿಯಾಗಿ ಗಡಿಯ ಮೇಲೆ ಕೂತಿದೆ. ಇಂಥ ಕಡೆಯೇ ಶಕ್ತಿ ತಳದ ಹತ್ತಿರ ಒತ್ತಿಕೊಳ್ಳುವುದು, ಅಲೆ ಒಡೆದು ನೀರು ಕಲಸುವುದು. ನನ್ನನ್ನು ಕೇಳಿದರೆ ಥೀಸಿಸ್ ಪ್ರಶ್ನೆ ಇದೇ. 'ಮಾಂಟೆರೆ ಕಣಿವೆಯ ಒಳ ಅಲೆಗಳು' ಅನ್ನುವುದು ಪ್ರಶ್ನೆ ಅಲ್ಲ, ಬರೀ ಹೆಸರು. 'ಈ ಒಂದು ತುಂಡು ತಳ ಅಲೆಯನ್ನು ಬಿಡುತ್ತದಾ, ತಡೆಯುತ್ತದಾ' ಅನ್ನುವುದು ಪ್ರಶ್ನೆ.

ರಾತ್ರಿಪಾಳಿ:
ಹಡಗಿನ ವಿಷಯ ನನಗೆ ಬಿಡಿ, ಅಲ್ಲಿ ನನ್ನ ನಿದ್ದೆ ಬಹಳ ಹೋಗಿದೆ.

6 ಜಾಗ, 8 ಗಂಟೆ ಬೇಡವೇ ಬೇಡ. 8 ಗಂಟೆಯಲ್ಲಿ ಎಂ2ನ ಒಂದು ಸುತ್ತೂ ಮುಗಿಯುವುದಿಲ್ಲ. 6 ಅರೆಬೆಂದ ಜಾಗಕ್ಕಿಂತ 2 ಬೆಂದವು ಮೇಲು. ಆ ಗಡಿಯ ಜಾಗದಲ್ಲಿ 25 ಗಂಟೆ ನಿಲ್ಲಿ, ಎರಡು ಸುತ್ತು ಸಿಗುತ್ತದೆ. ಕಣಿವೆಯಲ್ಲಿ ಅದಕ್ಕಿಂತ ಮೇಲಿನ ಇನ್ನೊಂದು ಕಡೆ 13 ಗಂಟೆ, ಒಂದು ಸುತ್ತು. ಒಟ್ಟು 38. ಉಳಿದ 10 ಗಂಟೆ ಓಡಾಟಕ್ಕೆ, ಗಾಳಿಗೆ, ಕೆಟ್ಟುಹೋಗುವ ಕೇಬಲ್ಲಿಗೆ. ಕೆಟ್ಟೇ ಕೆಡುತ್ತದೆ.

400 ಮೀಟರಿಗೆ ಸಿಟಿಡಿ ಇಳಿಸಿ ಎತ್ತಲು, ವಿಂಚ್ ಸೆಕೆಂಡಿಗೆ ಒಂದು ಮೀಟರ್ ಓಡಿದರೆ 13-14 ನಿಮಿಷ. ತಳದ ಹತ್ತಿರ ನಿಧಾನ ಮಾಡಲೇಬೇಕು, 20 ನಿಮಿಷ ಅನ್ನಿ. ಗಂಟೆಗೆ 3 ಸಲ, 25 ಗಂಟೆಗೆ 75 ಸಲ. ವಿಂಚ್ ನಡೆಸುವವರ ಪಾಳಿ ಈಗಲೇ ಮಾತಾಡಿಕೊಳ್ಳಿ. ಇದು ಪ್ಲಾನ್‌ನಲ್ಲಿ ಇಲ್ಲದಿದ್ದರೆ ರಾತ್ರಿ 2ಕ್ಕೆ ಡೆಕ್ ಮೇಲೆ ನೀವೊಬ್ಬರೇ ನಿಂತಿರುತ್ತೀರಿ.

ಇನ್ನೊಂದು. ಬಯಲು ತಳದಲ್ಲಿ ಹಡಗು 200 ಮೀಟರ್ ತೇಲಿದರೆ ಏನೂ ಆಗುವುದಿಲ್ಲ. ಕಣಿವೆಯಲ್ಲಿ ಅಷ್ಟು ತೇಲಿದರೆ ಕೆಳಗೆ ತಳದ ಬದಲು ಗೋಡೆ ಬಂದಿರುತ್ತದೆ. ತಳ ಎಷ್ಟು ದೂರ ಇದೆ ಅಂತ ತೋರಿಸುವ ಸಿಟಿಡಿಯ ಆಲ್ಟಿಮೀಟರ್ ಮೇಲೆ ಕಣ್ಣಿಡಿ. ತಳಕ್ಕಿಂತ 10 ಮೀಟರ್ ಮೇಲೆ ನಿಲ್ಲಿಸಿ, ಅದಕ್ಕಿಂತ ಮೇಲೂ ಬೇಡ. ಶಕ್ತಿಯ ಹರಿವು ಅಂದರೆ ಒಳ ಅಲೆಯ ಒತ್ತಡ ಮತ್ತು ವೇಗದ ಗುಣಲಬ್ಧದ ಸರಾಸರಿ. ಒತ್ತಡವನ್ನು ಸಾಂದ್ರತೆಯಿಂದ ತೆಗೆಯುವಾಗ ಪೂರ್ತಿ ಆಳದ ಸರಾಸರಿ ಸೊನ್ನೆ ಅಂತ ಹಿಡಿಯುತ್ತೇವೆ. ಅರ್ಧ ಆಳಕ್ಕೇ ನಿಲ್ಲಿಸಿದರೆ ಆ ಸೊನ್ನೆಯೇ ತಪ್ಪು ಜಾಗದಲ್ಲಿ ಕೂರುತ್ತದೆ.

ಹಡಗಿನ ಎಡಿಸಿಪಿಯನ್ನೂ (ಶಬ್ದದ ಕಿರಣ ಬಿಟ್ಟು ನೀರಿನ ವೇಗ ಅಳೆಯುವ ಉಪಕರಣ) ಪೂರ್ತಿ ನಂಬಬೇಡಿ. ಅದರ ಕಿರಣಗಳು 20 ಡಿಗ್ರಿ ಓರೆಯಾಗಿದ್ದರೆ, ತಳದ ಪ್ರತಿಧ್ವನಿಯಿಂದ ಕೊನೆಯ ಶೇಕಡ 6 ಕೆಡುತ್ತದೆ. 400 ಮೀಟರಿನಲ್ಲಿ 24 ಮೀಟರ್. ಇಕ್ಕಟ್ಟಾದ ಕಣಿವೆಯಲ್ಲಿ ಪಕ್ಕದ ಗೋಡೆಯೂ ಕೂಗುತ್ತದೆ, ಇನ್ನೂ ಜಾಸ್ತಿ ಕೆಡುತ್ತದೆ. ನಿಮಗೆ ಬೇಕಾಗಿರುವುದೇ ತಳದ ಆ ಪದರ. ಸಿಟಿಡಿ ಚೌಕಟ್ಟಿಗೇ ಕಟ್ಟಿ ಇಳಿಸುವ ಎಡಿಸಿಪಿ ಸಿಗುತ್ತದಾ ವಿಚಾರಿಸಿ.

ಹಾಸನದಹುಡುಗಿ:
ಹಡಗಿನ ಬದಲು ತಳದಲ್ಲಿ ಲಂಗರು ಹಾಕಿ ಉಪಕರಣ ಬಿಟ್ಟುಬರಬಹುದಾ? 15 ದಿನ ಇದ್ದರೆ ಎಂ2ನಿಂದ ಸೂರ್ಯನ ಎಸ್2 ಬೇರೆಯಾಗುತ್ತದೆ ಅಂತ ಓದಿದೆ.

ಲಂಗರು:
ಓದಿದ್ದು ಸರಿ, ಎರಡನ್ನೂ ಬೇರೆ ಮಾಡಲು ಸರಿಸುಮಾರು 14.77 ದಿನ ಬೇಕೇ ಬೇಕು. 25 ಗಂಟೆಯ ಅಳತೆಯಲ್ಲಿ ಬೇರೆಯಾಗುವುದಿಲ್ಲ. ಅದಕ್ಕೇ ಥೀಸಿಸ್‌ನಲ್ಲಿ 'ಎಂ2' ಅನ್ನಬೇಡಿ, 'ಅರ್ಧ ದಿನದ ಉಬ್ಬರ' ಅನ್ನಿ. ಪರೀಕ್ಷಕರು ಮೊದಲು ಹಿಡಿಯುವುದೇ ಇದನ್ನ.

ಆದರೆ ಎಂಎಸ್‌ಗೆ ಆ ಕಣಿವೆಯ ತಳದಲ್ಲಿ ಲಂಗರು ಬೇಡ. 2015ರಿಂದ 2017ರವರೆಗೆ ಅಲ್ಲಿ ದೊಡ್ಡ ಪ್ರಯೋಗ ನಡೆಯಿತು. ಮರಳು-ಕೆಸರಿನ ಪ್ರವಾಹ 800 ಕಿಲೊ ತೂಕದ ಚೌಕಟ್ಟನ್ನೇ ಕಿಲೋಮೀಟರುಗಟ್ಟಲೆ ಕೆಳಗೆ ಎಳೆದುಕೊಂಡು ಹೋಯಿತು. ಮೇಲಾಗಿ ಅದು ಸಂರಕ್ಷಿತ ಕಡಲು, ತಳದ ಮೇಲೆ ಏನಿಡಬೇಕಾದರೂ ಅನುಮತಿ ಬೇಕು. ಹಳೆಯ ಲಂಗರುಗಳ ಡೇಟಾ ಕೇಳಿ ಪಡೆಯಿರಿ, ಹುಣ್ಣಿಮೆ-ಅಷ್ಟಮಿ ವ್ಯತ್ಯಾಸಕ್ಕೆ ಅದು ಸಾಕು.

ಹಾಸನದಹುಡುಗಿ:
ಹೊಸ ಪ್ಲಾನ್ ಕೊಟ್ಟೆ. 25 ಮತ್ತು 13 ಗಂಟೆ, ಒಂದೇ ಪ್ರಶ್ನೆ. ಗೈಡ್ ಈ ಸಲ ಒಂದೇ ಕಡೆ ಕೆಂಪು ಗೆರೆ ಎಳೆದರು: 'ಎನ್ ಎಲ್ಲಿಂದ ತಂದೆ?' ಹಳೆಯ 31 ಸಿಟಿಡಿಗಳಿಂದ ಅಂದೆ. ಸುಮ್ಮನೆ ನೋಡುತ್ತಾ ಕೂತರು.

ಉಪ್ಪುನೀರು:
ಹಳೇ ಡೇಟಾ ಈಗ ಬೇಕಾಯಿತು ನೋಡಿ. ಒಂದೊಂದೇ ಸಿಟಿಡಿಯಿಂದ ತೆಗೆದರೆ ಅಲೆಯೇ ಪದರಗಳನ್ನು ಹಿಗ್ಗಿಸಿ ಕುಗ್ಗಿಸಿರುತ್ತದೆ, ಎನ್ ಕುಣಿಯುತ್ತದೆ. ಆ 31 ದಿನ ಅಲೆಯ ಎಲ್ಲ ಹಂತಗಳನ್ನೂ ಎರಡು ಸಲ ಸುತ್ತಿವೆ. ಒಂದೇ ಸಾಂದ್ರತೆಯ ನೀರು 31 ದಿನದಲ್ಲಿ ಸರಾಸರಿ ಯಾವ ಆಳದಲ್ಲಿತ್ತು ಅಂತ ತೆಗೆದು, ಆಮೇಲೆ ಎನ್ ಲೆಕ್ಕ ಹಾಕಿ. ಹಡಗಿಂದ ಬಂದ ಮೇಲೆ 25 ಗಂಟೆಯದಕ್ಕೂ ಹೀಗೇ ಮಾಡಿ, ಎರಡನ್ನೂ ಪಕ್ಕಪಕ್ಕ ಇಡಿ.

ಹಾಸನದಹುಡುಗಿ:
ಮಾಡಿದೆ. 31 ದಿನದ ಸರಾಸರಿ ಎನ್ 0.0054. ಇಳಿಜಾರು 0.0204. ತಳ 0.020.

ಲಂಗರು:
ಹಾಗಾದರೆ ಮೊದಲು ತಳದ ಇಳಿಜಾರನ್ನೇ ಮತ್ತೆ ಅಳೆಯಿರಿ. ಎಷ್ಟು ಉದ್ದದ ಮೇಲೆ ತೆಗೆದಿರಿ, 200 ಮೀಟರಾ, 2 ಕಿಲೋಮೀಟರಾ?