ಪೂನ್ ಹಿಲ್ ಟ್ರೆಕ್: ಉಸಿರಿಗಿಂತ ಮಂಡಿ ನೋಡಿಕೊಳ್ಳಿ

ಪ್ರಶ್ನೆ – ಮೈಸೂರಿನಿಂದ, ನಿವೃತ್ತ ಬ್ಯಾಂಕ್ ನೌಕರ

ನಮಸ್ಕಾರ. ನನಗೆ 61, ನನ್ನ ಹೆಂಡತಿಗೆ 57. ಮಗಳು ನಮ್ಮಿಬ್ಬರಿಗೂ ನೇಪಾಳದ ಪೂನ್ ಹಿಲ್ ಟ್ರೆಕ್ ಬುಕ್ ಮಾಡಿಬಿಟ್ಟಿದ್ದಾಳೆ. ಪೋಖರಾದಿಂದ ಐದು ದಿನ, ಗೈಡ್ ಜೊತೆ, ನವೆಂಬರ್ ಮೊದಲ ವಾರ. ಅವರು ಕಳಿಸಿದ ಹಾಳೆಯಲ್ಲಿ "ಸುಲಭ" ಅಂತಿದೆ. ವಿಡಿಯೋ ನೋಡಿದರೆ ಬರೀ ಮೆಟ್ಟಿಲು! ನನಗೆ ಮೇಲೆ ಹೋದಾಗ ಉಸಿರು ಕಟ್ಟುತ್ತದೇನೋ ಎಂಬ ಭಯ. ಹೆಂಡತಿಗೆ ಬಲ ಮಂಡಿ ಆಗಾಗ ಹಿಡಿದುಕೊಳ್ಳುತ್ತದೆ. ದಿನಾ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕುತ್ತೇವೆ, ಅಷ್ಟೇ. ಹೋಗಬಹುದಾ? ನೇರವಾಗಿ ಹೇಳಿ.

ಉತ್ತರ – ಟ್ರೆಕ್ ಲೀಡರ್

ನಮಸ್ಕಾರ ಸರ್. ಹೋಗಬಹುದು. ಆದರೆ "ಸುಲಭ" ಅಂತ ಬರೆದವರು ಜೀಪಿನಲ್ಲಿ ಕೂತು ಬರೆದಿರಬೇಕು.

ಮೊದಲು ನಿಮ್ಮ ಉಸಿರಿನ ವಿಷಯ. ಪೂನ್ ಹಿಲ್ ಎತ್ತರ 3,210 ಮೀಟರ್. ಅಲ್ಲಿ ನೀವು ಇರುವುದು ಹೆಚ್ಚೆಂದರೆ ಒಂದೂವರೆ ಗಂಟೆ. ರಾತ್ರಿ ಮಲಗುವ ಊರುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಘೋರೆಪಾನಿ, ಸುಮಾರು 2,870 ಮೀಟರ್. 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು, ಹಾಗಾಗಿ ಉಡಾಫೆ ಬೇಡ. ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು ಬಂದರೆ ಆಗಲೇ ಗೈಡ್‌ಗೆ ಹೇಳಿ. ಮುಂದೆ ಹತ್ತಬೇಡಿ. ಕಡಿಮೆ ಆಗದಿದ್ದರೆ ಕೆಳಗಿಳಿಯುವುದೇ ಮದ್ದು. ಬಿಪಿ, ಶುಗರ್ ಇದ್ದರೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿಯೇ ಹೊರಡಿ. ಇಷ್ಟೆಲ್ಲ ಹೇಳಿದರೂ, ಈ ದಾರಿಯಲ್ಲಿ ನನ್ನ ಗುಂಪಿನವರು ಅರ್ಧಕ್ಕೆ ನಿಂತಿದ್ದು ಬಹುಪಾಲು ಮಂಡಿಯಿಂದ, ಉಸಿರಿನಿಂದ ಅಲ್ಲ.

ಲೆಕ್ಕ ನೋಡಿ. ಮೊದಲ ದಿನದ ದಾರಿಯಲ್ಲಿ ತಿಖೇಢುಂಗಾದಿಂದ ಉಲ್ಲೇರಿಗೆ ಕಲ್ಲಿನ ಮೆಟ್ಟಿಲು ಮೂರು ಸಾವಿರಕ್ಕೂ ಜಾಸ್ತಿ. ನಿಮ್ಮ ಚಾಮುಂಡಿ ಬೆಟ್ಟದ್ದು ಸುಮಾರು ಸಾವಿರ. ಒಂದೇ ಮಧ್ಯಾಹ್ನ ಮೂರು ಸಲ ಚಾಮುಂಡಿ ಹತ್ತಿದ ಹಾಗೆ. ಆದರೂ ಹತ್ತುವುದು ಹೇಗೋ ಆಗುತ್ತದೆ. ನಿಂತು, ಕೂತು, ಚಹಾ ಕುಡಿದು ಹತ್ತಿಬಿಡುತ್ತೀರಿ. ಮಂಡಿ ಕೈಕೊಡುವುದು ಇಳಿಯುವಾಗ. ಮೂರನೇ ಮತ್ತು ನಾಲ್ಕನೇ ದಿನ, ಘೋರೆಪಾನಿ ದಾಟಿದ ಮೇಲೆ ಸಿಗುವ ದೇವರಾಲಿಯ ಸುಮಾರು 3,100 ಮೀಟರ್‌ನಿಂದ ಘಾಂದ್ರುಕ್‌ನ 2,000 ಮೀಟರ್‌ಗೆ ಇಳಿಯುತ್ತೀರಿ. ನಡುವೆ ಒಂದು ಹಳ್ಳಕ್ಕೆ ಇಳಿದು ಮತ್ತೆ ಹತ್ತುವುದೂ ಇದೆ. ಕಲ್ಲುಗಳು ಒಂದೊಂದು ಒಂದೊಂದು ಎತ್ತರ. ನೆರಳಿರುವ ಕಡೆ ಪಾಚಿ.

ಈಗಿನಿಂದಲೇ ವಾರಕ್ಕೆ ಮೂರು ದಿನ ಚಾಮುಂಡಿ ಮೆಟ್ಟಿಲು ಹತ್ತಿ. ಹತ್ತಿದ ಮೇಲೆ ಬಸ್ ಹಿಡಿಯಬೇಡಿ, ಇಳಿದೇ ಬನ್ನಿ. ಅಭ್ಯಾಸ ಬೇಕಾಗಿರುವುದೇ ಇಳಿಯೋದಕ್ಕೆ. ಒಬ್ಬೊಬ್ಬರಿಗೆ ಎರಡೆರಡು ವಾಕಿಂಗ್ ಪೋಲ್ ಇರಲಿ. ಒಂದು ಪೋಲ್ ಹಿಡಿದು ಬರುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಅದು ಫೋಟೋಗೆ ಮಾತ್ರ ಚೆಂದ. ಶೂ ಹೊಸದಾಗಿದ್ದರೆ ಮೈಸೂರಿನಲ್ಲೇ ಒಂದು ತಿಂಗಳು ತುಳಿದು ಪಳಗಿಸಿ. ಹೊರಡುವ ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿಕೊಳ್ಳಿ. ನಗಬೇಡಿ ಸರ್. ನಮ್ಮ ಗುಂಪಿನ ಒಬ್ಬ ಹುಡುಗ, ಮ್ಯಾರಥಾನ್ ಓಡುವವನು, ಘಾಂದ್ರುಕ್ ತಲುಪುವಷ್ಟರಲ್ಲಿ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿ ಚಪ್ಪಲಿಯಲ್ಲಿ ಕುಂಟುತ್ತಿದ್ದ. ಇಳಿಯುವಾಗ ಪ್ರತಿ ಹೆಜ್ಜೆಗೂ ಬೆರಳು ಶೂ ತುದಿಗೆ ಹೊಡೆಯುತ್ತದೆ, ಅದಕ್ಕೇ.

ಮೇಡಂ ಮಂಡಿಯನ್ನು ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಿ. ಅವರು ಬೇಡ ಎಂದರೆ ಬೇಡ. ಪರವಾಗಿಲ್ಲ ಎಂದರೆ ಮೊದಲ ದಿನ ಉಲ್ಲೇರಿವರೆಗೆ ಜೀಪಿನಲ್ಲಿ ಹೋಗಿ, ಈಗ ಅಲ್ಲಿಗೆ ರಸ್ತೆ ಇದೆ. ಆ ಮೂರು ಸಾವಿರ ಮೆಟ್ಟಿಲು ಬಿಟ್ಟರೆ ಟ್ರೆಕ್ ಆಗಲಿಲ್ಲ ಅನ್ನುವವರು ತಾವೇ ಹತ್ತಿಕೊಳ್ಳಲಿ.

ಪ್ರಶ್ನೆ – ಅದೇ ಮೈಸೂರಿನವರು

ತುಂಬಾ ಥ್ಯಾಂಕ್ಸ್. ಹೆಂಡತಿ ಓದಿ "ಜೀಪೇ ಸರಿ" ಅಂದಳು. ದಿನಕ್ಕೆ ಎಷ್ಟು ಹೊತ್ತು ನಡೆಯಬೇಕು? ದಾರಿಯಲ್ಲಿ ಏನೇನು ಸಿಗುತ್ತದೆ?

ಉತ್ತರ

ಮೊದಲ ದಿನ ಪೋಖರಾದಿಂದ ಜೀಪ್, ಬಿರೇಠಾಂಟಿಯಲ್ಲಿ ಪರ್ಮಿಟ್ ತೋರಿಸುವುದು, ಉಲ್ಲೇರಿಯಲ್ಲಿ ಊಟ, ವಿಶ್ರಾಂತಿ. ಉಲ್ಲೇರಿ ಮಗರ್ ಜನರ ಊರು. ಎರಡನೇ ದಿನ ನಾಲ್ಕೈದು ಗಂಟೆ ಕಾಡಿನೊಳಗೆ ಏರು, ಘೋರೆಪಾನಿ. ಘೋಡಾ ಅಂದರೆ ಕುದುರೆ, ಪಾನಿ ಅಂದರೆ ನೀರು. ಹಳೆಯ ವ್ಯಾಪಾರದ ದಾರಿಯಲ್ಲಿ ಕುದುರೆಗಳಿಗೆ ನೀರು ಕುಡಿಸುತ್ತಿದ್ದ ಜಾಗ ಅದು.

ಮೂರನೇ ದಿನ ನಾಲ್ಕೂವರೆಗೆ ಎಬ್ಬಿಸುತ್ತಾರೆ. ತಲೆಗೆ ಟಾರ್ಚ್ ಕಟ್ಟಿಕೊಂಡು ಪೂನ್ ಹಿಲ್‌ಗೆ ಮುಕ್ಕಾಲು ಗಂಟೆ ಏರು, ನಿಮಗೆ ಒಂದು ಗಂಟೆ ಇರಲಿ. ಮೇಲೆ ಜಾತ್ರೆ ಜನ. ಎಡಕ್ಕೆ ಧೌಲಾಗಿರಿ, 8,167 ಮೀಟರ್. ಬಲಕ್ಕೆ ಅನ್ನಪೂರ್ಣ ಸಾಲು, ಇನ್ನೂ ಬಲಕ್ಕೆ ಮೀನಿನ ಬಾಲದಂಥ ಮಚ್ಛಪುಚ್ಛರೆ. ಮಚ್ಛಪುಚ್ಛರೆ 6,993 ಮೀಟರ್. 1957ರಲ್ಲಿ ಬ್ರಿಟಿಷರ ತಂಡವೊಂದು ತುದಿಗೆ ಸ್ವಲ್ಪ ದೂರದಲ್ಲೇ ನಿಂತು ವಾಪಸ್ ಬಂತು. ಆ ಶಿಖರ ಪವಿತ್ರ ಅಂತ ಈಗ ಹತ್ತಲು ಅನುಮತಿ ಇಲ್ಲ. ಇಳಿದು ಬಂದು ತಿಂಡಿ ತಿಂದು ಅದೇ ದಿನ ತಾಡಾಪಾನಿಗೆ ಐದಾರು ಗಂಟೆ ನಡೆಯಬೇಕು. ಐದೂ ದಿನಗಳಲ್ಲಿ ಇದೇ ಕಷ್ಟದ ದಿನ. ನಿಮ್ಮ ವಯಸ್ಸಿನವರಾದರೆ ನಡುವೆ ಬಂಠಾಂಟಿಯಲ್ಲಿ ಉಳಿಯುವ ಹಾಗೆ ಒಂದು ದಿನ ಹೆಚ್ಚು ಮಾಡಿಸಿಕೊಳ್ಳಿ. ಈ ದಾರಿಯಲ್ಲಿ ಬಂಠಾಂಟಿ ಎರಡಿವೆ, ಗೈಡ್ ಹತ್ತಿರ ದೇವರಾಲಿ ದಾಟಿದ ಮೇಲಿನದು ಅಂತ ಹೇಳಿ.

ಎಲ್ಲರೂ ಪೂನ್ ಹಿಲ್ ಫೋಟೋಗೆ ಹೋಗುತ್ತಾರೆ. ನನಗೆ ಇಷ್ಟ ಘಾಂದ್ರುಕ್. ಗುರುಂಗ್ ಜನರ ದೊಡ್ಡ ಊರು. ಬೀದಿ ತುಂಬ ಚಪ್ಪಡಿ ಕಲ್ಲು, ಮನೆಗಳಿಗೆ ಕಲ್ಲು ಹಲಗೆಯ ಸೂರು. ಮನೆಗೊಬ್ಬರಂತೆ ಗೂರ್ಖಾ ಪಡೆಗೆ ಹೋದವರಿದ್ದಾರೆ ಅನ್ನಬಹುದು. ಪೆನ್ಷನ್ ಪಡೆಯುವ ಅಜ್ಜಂದಿರು ಬಿಸಿಲಲ್ಲಿ ಕೂತು ಹಿಂದಿಯಲ್ಲಿ ಮಾತಾಡಿಸುತ್ತಾರೆ, "ಯಾವ ಊರು?" ಅಂತ. ನವೆಂಬರಿನಲ್ಲಿ ಸುಗ್ಗಿ ಮುಗಿದಿರುತ್ತದೆ. ಅಂಗಳದಲ್ಲಿ ಕಂಬ ನೆಟ್ಟು, ಸಿಪ್ಪೆ ಹಿಂದಕ್ಕೆ ಮಡಚಿ ಜಡೆ ಹಾಕಿದ ಜೋಳದ ತೆನೆಗಳನ್ನು ಸುತ್ತಲೂ ನೇತು ಹಾಕಿರುತ್ತಾರೆ. ಅದರ ಹಿಂದೆ ನೇರ ಅನ್ನಪೂರ್ಣ ಸೌತ್. ನಾಲ್ಕನೇ ದಿನ ತಾಡಾಪಾನಿಯಿಂದ ಅಲ್ಲಿಗೆ ಬೆಳಿಗ್ಗೆ ತಲುಪಿ ಅರ್ಧ ದಿನ ಸುಮ್ನೆ ಓಡಾಡಿ. ಮಾರನೇ ದಿನ ಕಿಮ್ಚೆಗೆ ಇಳಿದು ಜೀಪಿನಲ್ಲಿ ಪೋಖರಾ.

ಪ್ರಶ್ನೆ – ಬೆಂಗಳೂರು, ಐಟಿ

ಬ್ರೋ, ದಾರಿ ಎಲ್ಲ ಮ್ಯಾಪಲ್ಲಿ ಇದೆ. ಗೈಡ್‌ಗೆ ಯಾಕೆ ದುಡ್ಡು ಸುರೀಬೇಕು?

ಉತ್ತರ

2023ರ ಏಪ್ರಿಲ್ 1ರಿಂದ ವಿದೇಶಿ ಟ್ರೆಕ್ಕರ್‌ಗಳು ಲೈಸೆನ್ಸ್ ಇರುವ ಗೈಡ್ ಜೊತೆಗೇ ಹೋಗಬೇಕು ಅಂತ ನೇಪಾಳ ನಿಯಮ ಮಾಡಿದೆ. ಗೈಡ್ ಇಲ್ಲದೆ ಹೋಗಿ ಬಂದ ಕತೆ ಹೇಳುವವರು ಸಿಗುತ್ತಾರೆ, ನಾನು ಆ ಸಲಹೆ ಕೊಡುವುದಿಲ್ಲ.

ನಿಯಮ ಬಿಡು. ಮ್ಯಾಪ್ ಹೇಳದ ಒಂದು ವಿಷಯ ಹೇಳುತ್ತೇನೆ. ನಾನು ಮೊದಲ ಸಲ ಹೋದಾಗ ಗ್ಯಾಸ್ ಸಿಲಿಂಡರ್ ಹೊತ್ತ ಹೇಸರಗತ್ತೆಗಳ ಸಾಲು ಎದುರಿಗೆ ಬಂತು. ಕೊರಳಲ್ಲಿ ಗಂಟೆ, ಹಣೆಗೆ ಬಣ್ಣದ ಕುಚ್ಚು. ಫೋಟೋ ಚೆನ್ನಾಗಿ ಬರಲಿ ಅಂತ ನಾನು ಕಣಿವೆ ಕಡೆ ಸರಿದು ನಿಂತೆ. ಗೈಡ್ ದಾಯಿ (ನೇಪಾಳಿಯಲ್ಲಿ ಅಣ್ಣ) ನನ್ನ ಬ್ಯಾಗಿನ ಪಟ್ಟಿ ಹಿಡಿದು ಬೆಟ್ಟದ ಬದಿಗೆ ಎಳೆದುಕೊಂಡ. ಮುಂದಿನ ಹೇಸರಗತ್ತೆಯ ಸಿಲಿಂಡರ್ ನಾನು ನಿಂತಿದ್ದ ಜಾಗವನ್ನು ಸವರಿಕೊಂಡೇ ಹೋಯಿತು. ಅವಕ್ಕೆ ತಮ್ಮ ಹೊರೆ ಎಷ್ಟು ಅಗಲ ಅನ್ನುವ ಅಂದಾಜು ಇರುವುದಿಲ್ಲ. ಗಂಟೆ ಶಬ್ದ ಕೇಳಿದರೆ ಯಾವಾಗಲೂ ಬೆಟ್ಟಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು.

ಇನ್ನೊಂದು. ಹೊರೆ ಹೊರುವ ಭರಿಯಾಗಳು ಹಣೆಗೆ ನಾಮ್ಲೋ ಪಟ್ಟಿ ಹಾಕಿಕೊಂಡು ಎಲ್ಲ ಭಾರ ಕತ್ತಿನ ಮೇಲೆ ತರುತ್ತಾರೆ. ಇಬ್ಬರು ಸೇರಿ ಒಬ್ಬ ಭರಿಯಾ ತಗೊಂಡರೆ ಬ್ಯಾಗ್ ಹಗುರ ಇರಲಿ. ಹೇರ್ ಡ್ರೈಯರ್ ತಂದವರನ್ನೂ ನೋಡಿದ್ದೇನೆ.

ಪ್ರಶ್ನೆ – ಮಂಡ್ಯದಿಂದ

ಅಣ್ಣ, ಊಟ ಹೆಂಗೆ? ನಾನು ಸಸ್ಯಾಹಾರಿ. ಐದು ದಿನ ಮ್ಯಾಗಿ ತಿಂದು ಇರೋಕಾಗಲ್ಲ.

ಉತ್ತರ

ನೀನು ಬದುಕಿಕೊಂಡೆ. ಅಲ್ಲಿ ಢಿಂಡೋ ಅಂತ ಇದೆ. ನೇಪಾಳಿಯಲ್ಲಿ ಕೋದೋ ಅಂದರೆ ನಮ್ಮ ರಾಗಿಯೇ. ಕಬ್ಬಿಣದ ಬಾಣಲೆಯಲ್ಲಿ ಕುದಿಯುವ ನೀರಿಗೆ ಹಿಟ್ಟು ಹಾಕಿ, ಮರದ ಸೌಟಲ್ಲಿ ಗಂಟಾಗದ ಹಾಗೆ ತಿರುವುತ್ತಾರೆ. ಮುದ್ದೆಗಿಂತ ಸ್ವಲ್ಪ ಮೆತ್ತಗೆ, ಉಂಡೆ ಕಟ್ಟುವುದಿಲ್ಲ, ತಟ್ಟೆಗೆ ಹಾಗೇ ಸುರಿಯುತ್ತಾರೆ. ಜೊತೆಗೆ ಗುಂದ್ರುಕ್, ಅಂದರೆ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರು. ಒಮ್ಮೆ ಘಾಂದ್ರುಕ್‌ನಲ್ಲಿ ಒಲೆ ಮುಂದೆ ಕೂತಿದ್ದ ದಿದಿಗೆ ನಾವು ಇದನ್ನೇ ಉಂಡೆ ಕಟ್ಟಿ ಅಗಿಯದೆ ನುಂಗುತ್ತೇವೆ ಅಂದೆ. ನಂಬಲಿಲ್ಲ, ಮಾಡಿ ತೋರಿಸು ಅಂದಳು. ತೋರಿಸಿದೆ. ಪಕ್ಕದ ಮನೆಯವರನ್ನೂ ಕರೆದು ಇನ್ನೊಮ್ಮೆ ನುಂಗಿಸಿದಳು.

ಢಿಂಡೋ ಬೇಕಾದರೆ ಮೊದಲೇ ಹೇಳಬೇಕು. ಇಲ್ಲದಿದ್ದರೆ ದಾಲ್ ಭಾತ್. ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ, ಸಾಕು ಅನ್ನುವವರೆಗೂ ಮತ್ತೆ ಬಡಿಸುತ್ತಾರೆ. ಪಿಜ್ಜಾ ಮೆನುವಿನಲ್ಲಿ ಇರುತ್ತದೆ, ಇರಲಿ ಬಿಡು.

ಪ್ರಶ್ನೆ – ಸಕಲೇಶಪುರದಿಂದ

ಜುಲೈನಲ್ಲಿ ಅರ್ಧ ರೇಟಿಗೆ ಪ್ಯಾಕೇಜ್ ಕೊಡ್ತಾರಂತೆ. ಹೋಗಲಾ?

ಉತ್ತರ

ಜಿಗಣೆ ನಿಮಗೆ ಹೊಸದಲ್ಲ ಅಲ್ವಾ, ಅದಕ್ಕೆ ಹೆದರಬೇಡಿ. ಆದರೆ ಜೂನ್‌ನಿಂದ ಸೆಪ್ಟೆಂಬರ್ ಮಳೆ. ಶಿಖರ ಕಾಣುವುದು ಅಪರೂಪ, ರಸ್ತೆ ಕುಸಿಯುವುದು ಮಾಮೂಲಿ. ಮಳೆ, ಮಂಜು, ಜಿಗಣೆ ನೋಡಲು ನಿಮ್ಮ ತೋಟ ಸಾಕು. ಅಕ್ಟೋಬರ್–ನವೆಂಬರ್ ಆಕಾಶ ತಿಳಿ. ಮಾರ್ಚ್–ಏಪ್ರಿಲ್ ಆದರೆ ಘೋರೆಪಾನಿ ಕಾಡು ಪೂರ್ತಿ ಕೆಂಪು, ಲಾಲಿ ಗುರಾಂಸ್ ಅರಳುವ ಕಾಲ, ಅದು ನೇಪಾಳದ ರಾಷ್ಟ್ರೀಯ ಹೂವು. ಮಧ್ಯಾಹ್ನದ ಮೇಲೆ ಮೋಡ ಕವಿಯುತ್ತದೆ, ಬೆಳಿಗ್ಗೆಯೇ ನಡೆದು ಮುಗಿಸಬೇಕು.

ಪ್ರಶ್ನೆ – ಉಡುಪಿಯಿಂದ, ಗೃಹಿಣಿ

ನಮ್ಮ ದೇವರ ಪೆಟ್ಟಿಗೆಯಲ್ಲಿ ಗಂಡಕಿಯ ಸಾಲಿಗ್ರಾಮ ಇದೆ, ಮಾವನವರ ಕಾಲದ್ದು. ಆ ನದಿ ಈ ದಾರಿಯಲ್ಲಿ ಸಿಗುತ್ತದಾ?

ಉತ್ತರ

ಕಾಲಿಗೆ ಸಿಗುವುದಿಲ್ಲ ಅಮ್ಮ, ಆದರೆ ಅದರ ಕಣಿವೆ ಕಣ್ಣಿಗೆ ಕಾಣುತ್ತದೆ. ಪೂನ್ ಹಿಲ್ ಮೇಲೆ ನಿಂತಾಗ ಎಡಗಡೆ ಧೌಲಾಗಿರಿ, ಬಲಗಡೆ ಅನ್ನಪೂರ್ಣ. ಆ ಎರಡರ ನಡುವಿನ ಆಳವೇ ಕಾಳಿಗಂಡಕಿಯ ಕಣಿವೆ. ಸಾಲಿಗ್ರಾಮ ಸಿಗುವುದು ಇನ್ನೂ ಮೇಲೆ, ಮುಕ್ತಿನಾಥದ ಕಡೆ. ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದ ಜಾಗ ಅದು. ಕಲ್ಲಿನೊಳಗಿನ ಚಕ್ರ ಆಗಿನ ಕಡಲಜೀವಿಯ ಗುರುತು. ಘೋರೆಪಾನಿಯಿಂದ ತಾತೋಪಾನಿಗೆ ಇಳಿದು ಆ ಕಡೆ ಹೋಗುವ ಹಳೆಯ ದಾರಿ ಈಗಲೂ ಇದೆ. ನಡೆಯಲಾಗದವರು ಪೋಖರಾದಿಂದ ಜೀಪಿನಲ್ಲಿ ಮುಕ್ತಿನಾಥಕ್ಕೆ ಹೋಗಬಹುದು. ಆ ಎತ್ತರ ಪೂನ್ ಹಿಲ್‌ಗಿಂತ ಜಾಸ್ತಿ, ಒಂದೇ ದಿನ ಏರಬೇಡಿ.

ಪ್ರಶ್ನೆ – ಮತ್ತೆ ಮೈಸೂರಿನವರು

ಕೊನೆಯದಾಗಿ. ಆಧಾರ್ ಸಾಕಾ? ದುಡ್ಡು ಹೇಗೆ? ಮತ್ತೆ, ಅಷ್ಟು ದೂರ ಹೋಗಿ ಆ ದಿನ ಮೋಡ ಇದ್ದರೆ?

ಉತ್ತರ

ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ, ಅಸಲಿಯೇ ಬೇಕು. ನಿಮ್ಮ ವಯಸ್ಸಿಗೆ ಆಧಾರ್ ನಡೆಯುವುದಿಲ್ಲ. ವೀಸಾ ಬೇಡ. ನಮ್ಮ ಒಂದು ರೂಪಾಯಿಗೆ ಅವರ 1.60. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂಪಾಯಿ, ಅಂದರೆ ನಮ್ಮ 625. ಗೈಡ್ ಕಂಪನಿಯವರೇ ಮಾಡಿಸುತ್ತಾರೆ, ಪ್ಯಾಕೇಜಿನಲ್ಲಿ ಸೇರಿದೆಯಾ ಕೇಳಿಕೊಳ್ಳಿ. ಪೋಖರಾದಲ್ಲೇ ನೇಪಾಳಿ ನೋಟು ತೆಗೆದುಕೊಂಡು ಹೊರಡಿ. ಬಿಸಿನೀರು, ಚಾರ್ಜಿಂಗ್‌ಗೆ ಬೇರೆ ದುಡ್ಡು ಕೇಳುತ್ತಾರೆ.

ಮೋಡ ಇದ್ದರೆ ಗೈಡ್ ಕಿಟಕಿಯಿಂದ ನೋಡಿ ಹೇಳುತ್ತಾನೆ, ಮತ್ತೆ ಹೊದ್ದು ಮಲಗಿ. ಪೂನ್ ಹಿಲ್ ತಪ್ಪಿದರೂ ದೇವರಾಲಿ ಇದೆ, ತಾಡಾಪಾನಿ ಇದೆ. ಘಾಂದ್ರುಕ್‌ನಲ್ಲಿ ಶಿಖರ ಕಾಣುವ ಕಡೆಯ ರೂಮ್ ಕೇಳಿ. ಬೆಳಿಗ್ಗೆ ಆರಕ್ಕೆ ಅಂಗಳಕ್ಕೆ ಎರಡು ಕುರ್ಚಿ ಹಾಕಿಸಿಕೊಂಡು ಚಹಾ ಹೇಳಿ. ಮೇಡಂ ಅಲ್ಲಿಂದ ಒಂದು ಮೆಟ್ಟಿಲೂ ಹತ್ತಬೇಕಿಲ್ಲ. ವಾಪಸ್ ಬಂದ ಮೇಲೆ ಮಂಡಿ ಹೇಗಿತ್ತು ಅಂತ ಇಲ್ಲೇ ಬರೆಯಿರಿ.